ಹೆಂಡತಿಯ ನಾಯಿಯನ್ನು ಡೆಕಾರ್ಟ್ ಜೀವಂತ ಕೊಯ್ದನೇ?

ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ ತನ್ನ ಹೆಂಡತಿ ಸಾಕಿದ್ದ ನಾಯಿಯನ್ನು ಹಲಗೆಗೆ ಮೊಳೆ ಹೊಡೆದು, ಜೀವ ಇರುವಾಗಲೇ ಕೊಯ್ದನಂತೆ. ಪ್ರಾಣಿಗಳಿಗೆ ನೋವೇ ಆಗುವುದಿಲ್ಲ ಎಂದನಂತೆ. ಇಂಟರ್ನೆಟ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಈ ಕಥೆ ನಿಜವೇ?

ಹೆಂಡತಿಯ ನಾಯಿ ಸುಳ್ಳು. ಡೆಕಾರ್ಟ್‌ಗೆ (1596–1650) ಮದುವೆಯೇ ಆಗಿರಲಿಲ್ಲ. ಮೊಳೆಯ ವಿವರ ಪ್ಯಾರಿಸ್ ಬಳಿಯ ಪೋರ್-ರಾಯಲ್ ಮಠದ ಬಗ್ಗೆ ನಿಕೊಲಾ ಫೊಂತೇನ್ ಬರೆದ ನೆನಪುಗಳಲ್ಲಿದೆ. ಅಲ್ಲಿ ಮೊಳೆ ಹೊಡೆದವರು ಡೆಕಾರ್ಟ್‌ನ ವಾದ ಒಪ್ಪಿದವರು, ಡೆಕಾರ್ಟ್ ಅಲ್ಲ. ಹೆಂಡತಿ ಸೇರಿಕೊಂಡದ್ದು ಬಹುಶಃ 19ನೇ ಶತಮಾನದ ವಿಜ್ಞಾನಿ ಕ್ಲೋಡ್ ಬರ್ನಾರ್ಡ್‌ನಿಂದ. ಆತನ ಪತ್ನಿ ಪ್ರಾಣಿಪ್ರಯೋಗಗಳ ಕಡು ವಿರೋಧಿ.

ಹಾಗಂತ ಡೆಕಾರ್ಟ್ ನಿರಪರಾಧಿ ಎಂದು ನಾವು ಹೇಳುತ್ತಿಲ್ಲ. ಹೃದಯದ ಬಡಿತ ನೋಡಲು ಜೀವಂತ ಮೊಲವನ್ನು ಕೊಯ್ದದ್ದನ್ನು 1638ರ ಪತ್ರವೊಂದರಲ್ಲಿ ತಾನೇ ವಿವರಿಸಿದ್ದಾನೆ.

ಇನ್ನು ನೋವಿನ ಮಾತು. 1637ರ ಪುಸ್ತಕದಲ್ಲಿ ಆತ ಪ್ರಾಣಿಗಳನ್ನು ಗಡಿಯಾರಕ್ಕೆ ಹೋಲಿಸಿದ: ಅವು ಮಾತಾಡುವುದಿಲ್ಲ, ಆದ್ದರಿಂದ ಯೋಚಿಸುವುದೂ ಇಲ್ಲ. ಇದರ ಹಿಂದೆ ಧರ್ಮದ ಒಂದು ತೊಡಕಿತ್ತು. ಯೋಚಿಸುವ ಆತ್ಮಕ್ಕೆ ಸಾವಿಲ್ಲ ಎಂಬುದು ಆತನ ನಂಬಿಕೆ. ನಾಯಿಗೆ ಅಂಥ ಆತ್ಮ ಕೊಟ್ಟರೆ ಸಿಂಪಿಗೂ ಸ್ಪಂಜಿಗೂ ಕೊಡಬೇಕಾಗುತ್ತದೆ, ಅದು ನಂಬುವ ಮಾತಲ್ಲ ಎಂದು 1646ರಲ್ಲಿ ಬರೆದ.

'ನೋವೇ ಇಲ್ಲ' ಎಂದು ಖಡಾಖಂಡಿತವಾಗಿ ಹೇಳಿದ್ದು ನಂತರ ಬಂದ ಪಾದ್ರಿ ಮಾಲ್‌ಬ್ರಾಂಶ್. ನೋವು ಪಾಪಕ್ಕೆ ಶಿಕ್ಷೆ. ಪ್ರಾಣಿಗಳು ಪಾಪ ಮಾಡಿಲ್ಲ. ನ್ಯಾಯವಂತನಾದ ದೇವರು ನಿರಪರಾಧಿಗಳನ್ನು ನರಳಿಸುವುದಿಲ್ಲ. ಹಾಗಾಗಿ ಅವುಗಳಿಗೆ ನೋವಿಲ್ಲ. ದೇವರನ್ನು ಕಾಪಾಡಲು ನಾಯಿಯ ಕೂಗನ್ನೇ ಕೇಳದಂತಾಯಿತು!

ಡೆಕಾರ್ಟ್ ಅಷ್ಟು ದೂರ ಹೋಗಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಮೋರ್ ಈ ವಾದವನ್ನು ಕೊಲೆಗಡುಕತನ ಎಂದು ಬೈದಾಗ, 1649ರ ಫೆಬ್ರವರಿಯಲ್ಲಿ ಉತ್ತರಿಸಿದ: ಪ್ರಾಣಿಗಳಿಗೆ ಜೀವವಿದೆ, ದೇಹಕ್ಕೆ ಸಂಬಂಧಿಸಿದ ಮಟ್ಟಿಗೆ ಸಂವೇದನೆಯೂ ಇದೆ. ಅವು ಯೋಚಿಸುವುದಿಲ್ಲ ಎಂದು ಸಾಬೀತು ಮಾಡಲಾಗದು, ಏಕೆಂದರೆ ನಮ್ಮ ಮನಸ್ಸು ಅವುಗಳ ಎದೆಯೊಳಗೆ ಇಳಿಯಲಾರದು. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇದೆ. ತನ್ನ ವಾದ ಪ್ರಾಣಿಗಳ ಮೇಲಿನ ಕ್ರೌರ್ಯಕ್ಕಿಂತ ಹೆಚ್ಚಾಗಿ ಮನುಷ್ಯರಿಗೆ ತೋರಿದ ದಯೆ, ಏಕೆಂದರೆ ಪ್ರಾಣಿಗಳನ್ನು ಕೊಂದು ತಿನ್ನುವಾಗ ತಪ್ಪು ಮಾಡುತ್ತಿದ್ದೇವೆಯೇ ಎಂಬ ಅನುಮಾನ ಅವರಿಗೆ ಉಳಿಯುವುದಿಲ್ಲ ಎಂದು ಆತ ಬರೆದಿದ್ದಾನೆ.