ಗಿರಾಕಿಯೆದುರಿನ ನಗು: ದುಬೈಯ ರಷ್ಯನ್ನರು, ಕರಾವಳಿಯ ನೌಕರರು ಮತ್ತು ವಲಸೆಯ ಸಿದ್ಧಾಂತ

ಹಲವು ನಾಡುಗಳ ಜನ ಬಂದು ಬೆರೆತ ದೇಶದಲ್ಲಿ ನಗು ಹೆಚ್ಚು. ತಲೆಮಾರುಗಳಿಂದ ಒಂದೇ ಮೂಲದವರು ಬಾಳಿದ ದೇಶದಲ್ಲಿ ಕಡಿಮೆ. ಮಗ್ದಲೇನಾ ರಿಖ್ಲೋವ್ಸ್ಕಾ, ಪೌಲಾ ನೀಡೆಂಥಾಲ್ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಮಂಡಿಸಿದ ವಾದದ ಸಾರ ಇದು. ಭಾಷೆಯೂ ರೂಢಿಯೂ ಬೇರೆಬೇರೆಯಾದ ಅಪರಿಚಿತರು ಒಂದೇ ಊರಿನಲ್ಲಿ ಬದುಕಬೇಕಾದಾಗ ಮನಸ್ಸಿನಲ್ಲಿರುವುದನ್ನು ಮುಖದಲ್ಲೇ ಕಾಣಿಸಬೇಕಾಗುತ್ತದೆ. ‘ನನ್ನಿಂದ ನಿನಗೆ ತೊಂದರೆಯಿಲ್ಲ’ ಎಂದು ಹೇಳಲು ನಗುವಿಗಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಅಮೆರಿಕನ್ನರು ಕಂಡವರಿಗೆಲ್ಲ ನಗುವುದಕ್ಕೂ ರಷ್ಯನ್ನರು ನಗದಿರುವುದಕ್ಕೂ ಈ ವಾದದಲ್ಲಿ ಒಂದೇ ವಿವರಣೆ ದೊರೆಯುತ್ತದೆ.

ಹಾಗಾದರೆ ಸಂಯುಕ್ತ ಅರಬ್ ಎಮಿರೇಟ್ಸ್? ಅಲ್ಲಿನ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರನಾಡಿನವರು. ದುಬೈಯ ಮಾಲು, ಹೋಟೆಲು, ವಿಮಾನಗಳಲ್ಲಿ ನಗುಮುಖದ ಸೇವೆಗೆ ಕೊರತೆಯೂ ಇಲ್ಲ. ಮೇಲುನೋಟಕ್ಕೆ ಈ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ದುಬೈಯ ಗಲ್ಲಾಪೆಟ್ಟಿಗೆಯ ಎದುರು ಅರಳುವ ನಗುವಿಗೂ ಅಲ್ಲಿನ ಜನವೈವಿಧ್ಯಕ್ಕೂ ನೇರ ಸಂಬಂಧವಿಲ್ಲ ಎಂಬುದು ಈ ಲೇಖನದ ವಾದ. ಅದಕ್ಕೆ ಆಧಾರವಾಗಿ ಇಬ್ಬರನ್ನು ಜೊತೆಗಿಟ್ಟು ನೋಡಲಾಗಿದೆ: ಒಬ್ಬರು ರಷ್ಯನ್ ಗಿರಾಕಿ, ಇನ್ನೊಬ್ಬರು ಅವರೆದುರು ನಿಂತ ಕನ್ನಡ ಕರಾವಳಿಯ ನೌಕರ.

ಎಲ್ಲರೂ ಬಹುಮಟ್ಟಿಗೆ ಒಪ್ಪಿರುವ ಸಂಗತಿಗಳನ್ನು ಬೇಗ ಮುಗಿಸಬಹುದು. ವರೋನೆಜ್‌ನ ಭಾಷಾವಿದ್ವಾಂಸ ಇಯೋಸಿಫ್ ಸ್ಟೆರ್ನಿನ್ ತೋರಿಸಿದಂತೆ, ರಷ್ಯನ್ನರಲ್ಲಿ ನಗು ಪರಿಚಿತರಿಗೆ ಮೀಸಲು; ಅದಕ್ಕೊಂದು ಕಾರಣ ಇರಬೇಕು; ಕೆಲಸದಲ್ಲಿರುವವರು ಗಂಭೀರವಾಗಿರಬೇಕು. ಕೆನನ್ ಶೆಲ್ಡನ್ ಮತ್ತು ಸಂಗಡಿಗರ 2017ರ ಅಧ್ಯಯನವೂ ಇದನ್ನೇ ಹೇಳುತ್ತದೆ: ರಷ್ಯನ್ನರು ಸಂತೋಷವನ್ನು ಅದುಮಿಡುವುದು ಮುಖ್ಯವಾಗಿ ಅಪರಿಚಿತರೆದುರು, ಮನೆಯವರ ಮತ್ತು ಗೆಳೆಯರ ಎದುರು ಅಷ್ಟಾಗಿ ಅಲ್ಲ. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ಅಲ್ಲಿನ ಯುವ ಸಿಬ್ಬಂದಿಗೆ ನಗುವುದನ್ನು ತರಬೇತಿಯಲ್ಲೇ ಕಲಿಸಬೇಕಾಯಿತು. 2018ರ ಫುಟ್‌ಬಾಲ್ ವಿಶ್ವಕಪ್‌ಗೆ ಮುನ್ನ ರಷ್ಯಾದ ರೈಲ್ವೆ ನೌಕರರಿಗೂ ಅದೇ ಪಾಠ ಮರುಕಳಿಸಿತು.

ಇನ್ನು ‘ಪಾಶ್ಚಾತ್ಯರು’ ಎಂಬ ಒಂದೇ ಗುಂಪು ಇಲ್ಲ. ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ, ಬಾಗಿಲಲ್ಲಿ ಸ್ವಾಗತಕಾರರನ್ನೂ ಗಲ್ಲಾದಲ್ಲಿ ನಗುವನ್ನೂ ಇಟ್ಟು ನೋಡಿತು. ಜರ್ಮನ್ ಗಿರಾಕಿಗಳಿಗೆ ಅದು ಹಿಡಿಸಲಿಲ್ಲ. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದವು. 2006ರಲ್ಲಿ ಕಂಪನಿ ಅಲ್ಲಿಂದ ಹೊರಟಿತು. ಹಾಗಾಗಿ ರಷ್ಯನ್ನರಿಗೆ ಎದುರಾಗಿ ಇಡಬೇಕಾದದ್ದು ಇಡೀ ಪಶ್ಚಿಮವನ್ನಲ್ಲ, ಅಮೆರಿಕದ ಸೇವಾ ಉದ್ಯಮ ರೂಪಿಸಿದ ಒಂದು ಶೈಲಿಯನ್ನು. ಆ ಶೈಲಿಯ ಒಳಮರ್ಮವನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರ ಅಧ್ಯಯನದಲ್ಲಿ ಬಿಡಿಸಿಟ್ಟಿದ್ದಾರೆ: ಅಲ್ಲಿ ಭಾವನೆಯೂ ಸಂಬಳದ ಕೆಲಸದ ಒಂದು ಭಾಗ.

ದುಬೈಯಲ್ಲಿ ರಷ್ಯನ್ ಗಿರಾಕಿ ಹೊಸಬನಲ್ಲ. 2022ರ ಉಕ್ರೇನ್ ಯುದ್ಧದ ನಂತರ ಬಂದವರ ಬಗ್ಗೆ ಬಹಳ ಬರೆಯಲಾಗಿದೆ. 2019ರ ಫೆಬ್ರವರಿಯಿಂದ ಎರಡೂ ದೇಶಗಳ ನಡುವೆ ವೀಸಾರಹಿತ ಓಡಾಟ ಶುರುವಾದದ್ದೂ ತಿಳಿದದ್ದೇ. ಆದರೆ ಮೂರು ದಶಕ ಹಿಂದೆ ಸರಿದರೆ ಚಿತ್ರ ಹೆಚ್ಚು ಸ್ವಾರಸ್ಯಕರ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ, ಸರಕು ಕೊಂಡು ಹೆಗಲಮೇಲೆ ಹೊತ್ತು ಊರಿಗೊಯ್ಯುವ ಸಣ್ಣ ವ್ಯಾಪಾರಿಗಳು ದುಬೈಯ ದೇರಾ ಬಡಾವಣೆಯ ಬನಿಯಾಸ್ ಚೌಕಕ್ಕೆ ಬರತೊಡಗಿದರು. ಎಲೆಕ್ಟ್ರಾನಿಕ್ ವಸ್ತು, ಬಟ್ಟೆ, ಕೊನೆಗೆ ಮರಳುಗಾಡಿನ ಅಂಚಿನಲ್ಲಿ ತುಪ್ಪಳದ ಕೋಟು ಕೂಡ ಅವರಿಗಾಗಿ ಬಂತು. ಆ ಚೌಕದ ಸುತ್ತ ರಷ್ಯನ್ ಲಿಪಿಯ ಫಲಕಗಳು ಎದ್ದವು. ಮಾರಾಟಗಾರರು ಸಂಖ್ಯೆ, ಅಳತೆ, ದರಗಳನ್ನು ರಷ್ಯನ್ನಿನಲ್ಲಿ ಹೇಳಲು ಕಲಿತರು.

ಈ ಸಂಗತಿ ವಾದಕ್ಕೆ ಮುಖ್ಯ. ಭಾಷೆ ಬಾರದ ಅಪರಿಚಿತರು ಎದುರಾದಾಗ ನಗು ನೆರವಿಗೆ ಬರುತ್ತದೆ ಎಂದು ಸಿದ್ಧಾಂತ ಹೇಳುತ್ತದೆ. ದೇರಾದ ವ್ಯಾಪಾರಿ ಹಿಡಿದ ದಾರಿ ಬೇರೆ. ಅವನು ಗಿರಾಕಿಯ ಭಾಷೆ ಕಲಿತ, ಅವರ ಲಿಪಿಯಲ್ಲಿ ಬೋರ್ಡು ಬರೆಸಿದ, ಚೌಕಾಸಿಗೆ ಕೂತ. ವಿಶ್ವಾಸ ಹುಟ್ಟಿದ್ದು ಸರಕಿನ ಗುಣದಿಂದ ಮತ್ತು ಮತ್ತೆ ಮತ್ತೆ ಬರುವ ಪರಿಚಯದಿಂದ. ರಷ್ಯನ್ ಗಿರಾಕಿಗೂ ಬೇಕಿದ್ದುದು ಅದೇ. ಫಲಕಗಳು ಮಾತ್ರ ಉಳಿದಿವೆ, ಅಂದಿನ ಮುಖಭಾವಗಳ ದಾಖಲೆ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ವ್ಯಾಪಾರಿಗಳು ನಗುತ್ತಲೇ ಇರಲಿಲ್ಲ ಎಂದು ಇಲ್ಲಿ ಹೇಳುತ್ತಿಲ್ಲ. ಬಹುಭಾಷಿಕ ಸಂತೆಯೊಂದು ನಡೆಯಲು ನಗುವೇ ಆಗಬೇಕೆಂದಿಲ್ಲ ಎಂಬಷ್ಟಕ್ಕೆ ದೇರಾ ಸಾಕ್ಷಿ.

ಈ ಸಿದ್ಧಾಂತವನ್ನು ದುಬೈಗೆ ಅನ್ವಯಿಸಲು ಎರಡನೆಯ ಅಡಚಣೆ ಅಳತೆಗೋಲಿನದು. ರಿಖ್ಲೋವ್ಸ್ಕಾ ತಂಡ ಲೆಕ್ಕಕ್ಕೆ ತೆಗೆದುಕೊಂಡದ್ದು ಇಂದಿನ ವಲಸಿಗರ ಸಂಖ್ಯೆಯನ್ನಲ್ಲ. ಇಂದಿನ ಜನಸಂಖ್ಯೆಯ ಪೂರ್ವಜರು 1500ರ ಸುಮಾರಿಗೆ ಎಷ್ಟು ದೇಶಗಳಲ್ಲಿ ಹರಡಿದ್ದರು ಎಂಬುದನ್ನು. ವಂಶಗಳು ಬೇರೂರಿ, ಮಕ್ಕಳು ಮೊಮ್ಮಕ್ಕಳು ಒಟ್ಟಿಗೆ ಬೆಳೆದ ನಂತರವಷ್ಟೇ ಒಂದು ಸಮಾನ ರೂಢಿ ಮೂಡುತ್ತದೆ. 1968ರ ಜನಗಣತಿಯಲ್ಲಿ ಈಗಿನ ಎಮಿರೇಟ್ಸ್‌ನ ಒಟ್ಟು ಜನ ಸುಮಾರು 1.8 ಲಕ್ಷ, ಇಂದು ಒಂದು ಕೋಟಿಯ ಆಸುಪಾಸು. ಬಂದವರಲ್ಲಿ ಬಹುತೇಕರ ವಾಸ್ತವ್ಯ ಕೆಲಸದ ವೀಸಾಕ್ಕೆ ಕಟ್ಟಿದ್ದು. ನೌಕರಿ ಮುಗಿದರೆ ಊರಿಗೆ ಮರಳಬೇಕು. ರೂಢಿಯೊಂದು ತಾನಾಗಿ ಹುಟ್ಟಿ ಹದವಾಗಲು ಅಲ್ಲಿ ಸಮಯವೂ ಸಿಕ್ಕಿಲ್ಲ, ತಲೆಮಾರುಗಳೂ ಉಳಿದಿಲ್ಲ. ಆದರೂ ನಗು ಇದೆ. ಹಾಗಾದರೆ ಅದು ಬೇರೆಲ್ಲಿಂದಲೋ ಬಂದಿರಬೇಕು.

ಇಲ್ಲಿ ಗಲ್ಲಾದ ಒಳಬದಿಯಲ್ಲಿ ನಿಂತವರತ್ತ ನೋಡಬೇಕು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡುಗಳಿಂದ ಹೋದವರು ದುಬೈ, ಅಬುಧಾಬಿಗಳ ಹೋಟೆಲು, ಅಂಗಡಿ, ಆಸ್ಪತ್ರೆಗಳಲ್ಲಿ ದಶಕಗಳಿಂದ ದುಡಿಯುತ್ತಿದ್ದಾರೆ. ಮನೆಮಾತು ತುಳು, ಕೊಂಕಣಿ, ಬ್ಯಾರಿ, ನವಾಯತಿ, ಕನ್ನಡ ಯಾವುದೇ ಇರಲಿ, ಸೇವೆಯ ಬಗ್ಗೆ ಅವರು ಊರಿನಿಂದ ಒಯ್ದ ಕಲ್ಪನೆ ಅಮೆರಿಕದ್ದಲ್ಲ. ಕರಾವಳಿಯವರು ದೇಶಕ್ಕೆಲ್ಲ ಪರಿಚಯಿಸಿದ ಉಡುಪಿ ಹೋಟೆಲನ್ನೇ ನೋಡಿ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವ ಸಪ್ಲೈಯರ್‌ನಿಂದ ಗಿರಾಕಿ ನಗುವನ್ನು ನಿರೀಕ್ಷಿಸುವುದಿಲ್ಲ. ‘ಏನ್ ಕೊಡ್ಲಿ?’ ಎಂಬ ಚುಟುಕು ಪ್ರಶ್ನೆ, ಬಿಸಿ ಆರದ ದೋಸೆ, ಕೇಳುವ ಮೊದಲೇ ಬರುವ ಚಟ್ನಿ. ಒಳ್ಳೆಯ ಮಾಣಿಯ ಲಕ್ಷಣ ಚುರುಕು ಮತ್ತು ನೆನಪಿನ ಶಕ್ತಿ. ವಾರಗಟ್ಟಲೆ ಬಂದುಹೋದ ಗಿರಾಕಿಗೆ ಒಂದು ದಿನ ಸಿಗುವ ನಗು ಪರಿಚಯದ ಗುರುತು, ಸ್ಟೆರ್ನಿನ್ ವಿವರಿಸಿದ ರಷ್ಯನ್ ನಗುವಿನ ಹಾಗೆಯೇ.

ಕೂಬಾ ಕ್ರಿಸ್ ನೇತೃತ್ವದ 2016ರ ಅಧ್ಯಯನ ಈ ಹೋಲಿಕೆಗೆ ಅನಿರೀಕ್ಷಿತ ಬಲ ಕೊಡುತ್ತದೆ. 44 ಸಂಸ್ಕೃತಿಗಳ ಜನರಿಗೆ ನಗುವ ಮತ್ತು ನಗದ ಮುಖಗಳ ಚಿತ್ರ ತೋರಿಸಿದಾಗ ರಷ್ಯಾ, ಜಪಾನ್, ಇರಾನ್‌ಗಳ ಜೊತೆ ಭಾರತದಲ್ಲೂ ನಗುವವರಿಗೆ ಬುದ್ಧಿವಂತಿಕೆಯ ಅಂಕ ಕಡಿಮೆ ಬಿತ್ತು. ಭಾರತದಲ್ಲಿ ಪ್ರಾಮಾಣಿಕತೆಯ ಅಂಕವೂ ಇಳಿಯಿತು. ಕಾರಣವಿಲ್ಲದ ನಗು ದಡ್ಡತನದ ಗುರುತು ಎನ್ನುವ ರಷ್ಯನ್ ಗಾದೆಗೂ, ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆನ್ನುವ ನಮ್ಮ ಗಾದೆಗೂ ಇರುವ ದೂರ ಹೆಚ್ಚಲ್ಲ. ನಮ್ಮ ಗಾದೆಯ ಕ್ರೌರ್ಯ ಹೆಣ್ಣಿನ ಕಡೆಗೇ ತಿರುಗಿದೆ ಎಂಬುದನ್ನು ಮರೆಯುವಂತಿಲ್ಲ. ಊರಿನಲ್ಲಿ ಅಪರಿಚಿತ ಗಂಡಸಿಗೆ ನಗಬೇಡ ಎಂದು ಹೇಳಿಸಿಕೊಂಡು ಬೆಳೆದ ಹುಡುಗಿ, ದುಬೈಯ ಸ್ವಾಗತಕಟ್ಟೆಯಲ್ಲಿ ದಿನವಿಡೀ ಅದನ್ನೇ ಮಾಡಬೇಕಾದಾಗ ತೆರುವ ಬೆಲೆ ಅವಳ ಜೊತೆಗಾರನದಕ್ಕಿಂತ ದೊಡ್ಡದು.

ಈಗ ಎರಡೂ ಬದಿಯನ್ನು ಜೋಡಿಸಬಹುದು. ಗಿರಾಕಿ ಅಪರಿಚಿತರಿಗೆ ನಗದ ಸಮಾಜದವರು. ನೌಕರನೂ ಅಂಥದೇ ಸಮಾಜದವನು. ಇಬ್ಬರಿಗೂ ಸೇವೆಯೆಂದರೆ ಕೆಲಸದ ಅಚ್ಚುಕಟ್ಟುತನ. ಅವರ ನಡುವೆ ಇರುವ ನಗು ಇಬ್ಬರಿಗೂ ಸೇರಿದ್ದಲ್ಲ. ಮೂರನೆಯವರು ಬರೆದ ನಿಯಮಾವಳಿಯದು. ದುಬೈಯ ವ್ಯಾಪಾರಿ ನಗುವನ್ನು ವಿವರಿಸಲು ಜನವೈವಿಧ್ಯದ ಇತಿಹಾಸ ಬೇಕಿಲ್ಲ, ಉದ್ಯೋಗದ ಒಪ್ಪಂದ ಸಾಕು ಎಂಬ ಈ ಲೇಖನದ ಮುಖ್ಯ ವಾದ ನಿಂತಿರುವುದು ಇದರ ಮೇಲೆ. ಆ ನಗು ಏಕಮುಖವಾದದ್ದು. ಸಿದ್ಧಾಂತ ಬಯಸುವ ನಗುವಾದರೋ ಇಬ್ಬದಿಯದು: ಅಕ್ಕಪಕ್ಕದ ಅಪರಿಚಿತರು ಪರಸ್ಪರ ಕೊಡುವ ಅಭಯ. ಮರುನಗು ಬಾರದಿದ್ದರೂ ನೌಕರ ನಗುತ್ತಲೇ ಇರಬೇಕೆಂದರೆ, ಅದನ್ನು ಹಿಡಿದಿಟ್ಟಿರುವುದು ಸಂಬಳ ಮತ್ತು ವೀಸಾ. ಸರ್ಕಾರವೂ ಈ ನಿಯಮಾವಳಿಯನ್ನು ಪೋಷಿಸಿದೆ. ದುಬೈ ಆಡಳಿತ 2014ರಲ್ಲಿ ಗ್ರಾಹಕರ ಸಂತೋಷ ಅಳೆಯುವ ಮಾಪಕವನ್ನು ತಂದಿತು: ನಗುವ, ತಟಸ್ಥ, ಸಪ್ಪೆಯಾದ ಮೂರು ಮುಖಗಳ ಚಿತ್ರದಲ್ಲಿ ಒಂದನ್ನು ಒತ್ತಿದರಾಯಿತು. 2016ರಲ್ಲಿ ಎಮಿರೇಟ್ಸ್ ಸರ್ಕಾರದ ಸಂತೋಷದ ಖಾತೆಗೆ ಓಹೂದ್ ಅಲ್ ರೂಮಿ ಸಚಿವೆಯಾದರು. ಗ್ರಾಹಕ ಸೇವಾ ಕೇಂದ್ರಗಳಿಗೆ ಗ್ರಾಹಕ ಸಂತೋಷ ಕೇಂದ್ರಗಳೆಂಬ ಹೆಸರು ಬಂತು.

ವಾದಕ್ಕೆ ಮಿತಿಗಳಿವೆ. ಐದು ಶತಮಾನದ ಸಿದ್ಧಾಂತವನ್ನು ಐವತ್ತು ವರ್ಷದ ದೇಶ ಸುಳ್ಳು ಮಾಡಲಾರದು. ಇಲ್ಲಿ ತೋರಿಸಿರುವುದು ಅದರ ಗಡಿಯನ್ನಷ್ಟೇ. ಕ್ರಿಸ್ ಪ್ರಯೋಗದಲ್ಲಿ ಇದ್ದದ್ದು ಚಿತ್ರಗಳು, ಜೀವಂತ ಗಿರಾಕಿಗಳಲ್ಲ. ಅದರ ‘ಭಾರತ’ವನ್ನು ಉಡುಪಿಗೆ ಹಾಗೇ ಅನ್ವಯಿಸುವುದು ಅವಸರವಾದೀತು. ನೌಕರರ ನಗುವೆಲ್ಲ ಹುಸಿ ಎಂಬ ತೀರ್ಮಾನವೂ ಸಲ್ಲದು. ಕಲಿತ ನಗು ಎಷ್ಟೋ ಜನರಲ್ಲಿ ಸ್ವಭಾವವೇ ಆಗುತ್ತದೆ, ಮತ್ತು ದೂರದೇಶದಲ್ಲಿ ದುಡಿಯುವವರ ಸೌಜನ್ಯವನ್ನು ಒಪ್ಪಂದಕ್ಕಷ್ಟೇ ಇಳಿಸುವುದು ಅವರಿಗೆ ಮಾಡುವ ಅನ್ಯಾಯ.

ನೆಲದ ಸ್ವಂತ ಸಂಪ್ರದಾಯವೂ ಬಿಟ್ಟುಬಿಡುವಂಥದ್ದಲ್ಲ. ಸೇವೆಯ ಕುರಿತ ಹಳೆಯ ಬರಹಗಳಲ್ಲಿ ಮುಸ್ಲಿಂ ಸಮಾಜಗಳು ನಗುವನ್ನು ಶಂಕಿಸುತ್ತವೆ ಎಂಬ ಸಾರಾಸಗಟು ಮಾತು ಸಿಗುತ್ತದೆ. ಅದನ್ನು ಒಪ್ಪಲಾಗದು, ಏಕೆಂದರೆ ಸಹಬಾಂಧವನೆದುರು ನಗುವುದನ್ನು ದಾನಕ್ಕೆ ಸಮವೆಂದು ಎಣಿಸುವ ಪ್ರವಾದಿವಚನ (ಹದೀಸ್) ತಿರ್ಮಿದಿಯ ಸಂಗ್ರಹದಲ್ಲಿದೆ. ಹಾಗಿದ್ದೂ ಅಬುಧಾಬಿಯ ಮಜ್ಲಿಸ್‌ನಲ್ಲಿ (ಅತಿಥಿಗಳನ್ನು ಬರಮಾಡಿಕೊಳ್ಳುವ ಕೂಟದ ಕೋಣೆ) ಆತಿಥ್ಯ ಮುಖ್ಯವಾಗಿ ವ್ಯಕ್ತವಾಗುವುದು ಕೂರಿಸುವ ಜಾಗದಲ್ಲಿ, ಸುರಿಯುವ ಕಹ್ವಾ ಕಾಫಿಯಲ್ಲಿ, ಅವಸರವಿಲ್ಲದ ಕುಶಲಪ್ರಶ್ನೆಯಲ್ಲಿ. ಮಜ್ಲಿಸ್ ಮತ್ತು ಅರಬ್ಬೀ ಕಾಫಿ ಎರಡೂ 2015ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ಈ ಆತಿಥ್ಯ ಹೋಟೆಲ್ ಉದ್ಯಮದ ನಿಯಮಾವಳಿಯ ಮೇಲೆ ಎಷ್ಟು ಪ್ರಭಾವ ಬೀರಿದೆ ಎಂಬುದು ಬೇರೆಯೇ ಅಧ್ಯಯನದ ವಸ್ತು.

ಪರೀಕ್ಷಿಸಬೇಕಾದದ್ದು ಇನ್ನೂ ಇದೆ. ವೈವಿಧ್ಯವೇ ನಗುವಿಗೆ ಕಾರಣವಾದರೆ ದುಬೈಯ ಮೆಟ್ರೊ, ಲಿಫ್ಟು, ಲೇಬರ್ ಕ್ಯಾಂಪುಗಳಲ್ಲಿ ಬೇರೆಬೇರೆ ನಾಡಿನ ಅಪರಿಚಿತರು ಸಂಬಳವಿಲ್ಲದೆಯೂ ಒಬ್ಬರಿಗೊಬ್ಬರು ನಗಬೇಕು. ಒಪ್ಪಂದವೇ ಕಾರಣವಾದರೆ ಗಲ್ಲಾದಿಂದ ದೂರ ಸರಿದಷ್ಟೂ ನಗು ತೆಳುವಾಗಬೇಕು. ತೃಪ್ತನಾದ ರಷ್ಯನ್ ಗಿರಾಕಿ ಮೂರು ಮುಖಗಳ ಮಾಪಕದಲ್ಲಿ ಯಾವುದನ್ನು ಒತ್ತುತ್ತಾನೆ ಎಂಬುದನ್ನೂ ತೂಗಿನೋಡಬೇಕು. ಅವನ ತೃಪ್ತಿ ತಟಸ್ಥ ಮುಖದಲ್ಲೇ ದಾಖಲಾಗುತ್ತಿದ್ದರೆ, ಅದರ ಹೊರೆ ಬೀಳುವುದು ಎದುರು ನಿಂತ ನೌಕರನ ಅಂಕಪಟ್ಟಿಯ ಮೇಲೆ.