ಗಾಣಕ್ಕೆ ಹೋಗದ ಎಣ್ಣೆಯ ಕಥೆ

ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಕೆಂಪುಮಣ್ಣಿನ ಹೊಲಗಳಲ್ಲಿ, ಕೊರಟಗೆರೆಯ ಮಳೆಯಾಶ್ರಿತ ಜಮೀನುಗಳಲ್ಲಿ ಕಡಲೆಕಾಯಿ ಬಿತ್ತುವ ರೈತ ಒಂದು ಹದ ಮಳೆಗಾಗಿ ಕಾಯುತ್ತಾನೆ. ಹದ ಸಿಕ್ಕಿತೆಂದು ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜಕ್ಕೆ ಸುರಿದ ಹಣ ಮಣ್ಣುಪಾಲು. ಮೊಳೆತ ಕಾಳು ಮತ್ತೆ ಬಿತ್ತನೆಗೆ ಬಾರದು. ಏಕೆ ಬಾರದು ಎಂಬುದಕ್ಕೆ ಉತ್ತರ ಅಡಗಿರುವುದು ಬರಿಗಣ್ಣಿಗೆ ಕಾಣದ ಕೋಶಾಂಗಗಳಲ್ಲಿ. ಅದನ್ನು ಹುಡುಕಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಆರ್ಕಿಡ್ ಗಿಡಗಳ ಜೀವಕೋಶಗಳಲ್ಲಿ ಕಂಡ ದುಂಡನೆಯ ಭಾಗಕ್ಕೆ ರಾಬರ್ಟ್ ಬ್ರೌನ್ 'ನ್ಯೂಕ್ಲಿಯಸ್' ಎಂದು ಹೆಸರಿಟ್ಟದ್ದು 1831ರಲ್ಲಿ. ಜರ್ಮನಿಯ ಕಾರ್ಲ್ ಬೆಂಡಾ 'ಮೈಟೊಕಾಂಡ್ರಿಯ' ಎಂಬ ಹೆಸರು ಕೊಟ್ಟದ್ದು 1898ರಲ್ಲಿ. ಅದೇ ವರ್ಷ ಇಟಲಿಯ ಕ್ಯಾಮಿಲೊ ಗಾಲ್ಗಿ ಗೂಬೆಯ ನರಕೋಶದಲ್ಲಿ ಒಂದು ಜಾಲವನ್ನು ಕಂಡ. ಅದು ಬಣ್ಣ ಹಾಕಿದ್ದರಿಂದ ಮೂಡಿದ ಭ್ರಮೆಯೆಂದು ಹಲವರು ಅರ್ಧ ಶತಮಾನ ವಾದಿಸಿದರು. ಅಂದಿನ ಸೂಕ್ಷ್ಮದರ್ಶಕಗಳ ಮಿತಿ ನೋಡಿದರೆ ಅನುಮಾನ ಪಟ್ಟವರನ್ನು ದೂಷಿಸುವಂತಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲಷ್ಟೇ ಆ ಜಗಳ ಬಗೆಹರಿಯಿತು. ಕೋಶದ ಒಳರಚನೆಯನ್ನು ಬಿಡಿಸಿಟ್ಟ ಆಲ್ಬರ್ಟ್ ಕ್ಲಾಡ್, ಜಾರ್ಜ್ ಪಲಾಡೆ ಮತ್ತು ಕ್ರಿಶ್ಚಿಯನ್ ಡಿ ಡುವೆ ಅವರಿಗೆ 1974ರಲ್ಲಿ ನೊಬೆಲ್ ಬಂತು.

ಬಯಲುಸೀಮೆಯವರಿಗೆ ಹೆಚ್ಚು ಆಪ್ತವೆನಿಸಬೇಕಾದ ಶೋಧ ನಡೆದದ್ದು 1967ರಲ್ಲಿ. ಅಮೆರಿಕದಲ್ಲಿ ಬ್ರೈಡನ್‌ಬಾಕ್ ಮತ್ತು ಹ್ಯಾರಿ ಬೀವರ್ಸ್ ಮೊಳೆಯುತ್ತಿದ್ದ ಹರಳು ಬೀಜವನ್ನು ಅರೆದು, ಅದರಿಂದ ಹೊಸದೊಂದು ಕೋಶಾಂಗವನ್ನು ಬೇರ್ಪಡಿಸಿದರು. ಅಕ್ಕಡಿ ಸಾಲಿನಲ್ಲಿ ಹಾಕುವ ಅದೇ ಹರಳು! ಈ ಕೋಶಾಂಗಕ್ಕೆ ಅವರಿಟ್ಟ ಹೆಸರು ಗ್ಲೈಆಕ್ಸಿಸೋಮ್.

ಕಡಲೆಕಾಯಿ ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಆದರೆ ಅದು ಬೀಜದೊಳಗೆ ತುಂಬಿ ಹರಿಯುವುದಿಲ್ಲ. ಪ್ರತಿ ಕೋಶದಲ್ಲೂ ತೆಳುಪೊರೆ ಹೊದ್ದ ಸಣ್ಣ ಸಣ್ಣ ಹನಿಗಳಾಗಿ ಕುಳಿತಿರುತ್ತದೆ. ಬೀಜ ನೀರು ಹೀರಿದೊಡನೆ ಕಿಣ್ವಗಳು ಎಣ್ಣೆಯನ್ನು ಒಡೆಯುತ್ತವೆ. ಒಡೆದ ಕೊಬ್ಬಿನ ಆಮ್ಲಗಳು ಗ್ಲೈಆಕ್ಸಿಸೋಮ್‌ಗೆ ಹೋಗುತ್ತವೆ. ಅಲ್ಲಿ ಶುರುವಾದ ಕೆಲಸ ಮೈಟೊಕಾಂಡ್ರಿಯದ ಸಹಾಯದಿಂದ ಮುಂದುವರಿದು ಕೊನೆಗೆ ಸಕ್ಕರೆ ಸಿದ್ಧವಾಗುತ್ತದೆ. ಮನುಷ್ಯನ ದೇಹಕ್ಕೆ ಕೊಬ್ಬಿನ ಆಮ್ಲಗಳಿಂದ ಹೀಗೆ ಸಕ್ಕರೆ ಮಾಡುವ ವಿದ್ಯೆ ತಿಳಿಯದು. ಬೇರು ಇಳಿಯುವುದೂ ಮೊಳಕೆ ಮಣ್ಣು ಸೀಳಿ ಬರುವುದೂ ಈ ಗಂಟಿನ ಬಲದಿಂದಲೇ. ಎಲೆ ಬಿಚ್ಚಿ, ಅದರ ಕ್ಲೋರೋಪ್ಲಾಸ್ಟ್‌ಗಳು ಬಿಸಿಲಿನಿಂದ ಆಹಾರ ತಯಾರಿಸುವವರೆಗೆ ಬೇರೆ ಆದಾಯವಿಲ್ಲ. ಆ ನಡುವೆ ತೇವ ಆರಿದರೆ, ಕರಗಿದ ಎಣ್ಣೆಯನ್ನು ಮರಳಿ ತುಂಬುವವರು ಯಾರೂ ಇಲ್ಲ.

ಕ್ಲೋರೋಪ್ಲಾಸ್ಟಿನ ಪೂರ್ವಿಕರು ಹೊರಗಿನಿಂದ ಬಂದ ಅತಿಥಿಗಳು ಎಂದು ರಷ್ಯದ ಮೆರೆಷ್ಕೊವ್‌ಸ್ಕಿ 1905ರಲ್ಲೇ ಬರೆದಿದ್ದ. ಆಗ ನಂಬಿದವರು ಕಡಿಮೆ. 1967ರಲ್ಲಿ ಲಿನ್ ಮಾರ್ಗುಲಿಸ್ ಈ ವಾದಕ್ಕೆ ಮತ್ತೆ ಜೀವ ತುಂಬಿದರು. ಕ್ಲೋರೋಪ್ಲಾಸ್ಟ್ ಮತ್ತು ಮೈಟೊಕಾಂಡ್ರಿಯಗಳಿಗೆ ಸ್ವಂತ ಡಿಎನ್‌ಎ ಇದೆ. ಬ್ಯಾಕ್ಟೀರಿಯದಂತೆ ಎರಡಾಗಿ ಒಡೆದು ಹೆಚ್ಚುತ್ತವೆ. ಒಂದಾನೊಂದು ಕಾಲದಲ್ಲಿ ಬೇರೊಂದು ಕೋಶದೊಳಗೆ ಸೇರಿ, ಮನೆಯವರೇ ಆಗಿಹೋದ ಬ್ಯಾಕ್ಟೀರಿಯಗಳಿವು. ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯವೊಂದು ಕಡಲ ಪಾಚಿಯಲ್ಲಿ ಇದೇ ರೀತಿ ಕೋಶಾಂಗವಾಗಿರುವುದು 2024ರಲ್ಲಿ ವರದಿಯಾಯಿತು. ಅದಕ್ಕೆ 'ನೈಟ್ರೋಪ್ಲಾಸ್ಟ್' ಎಂದು ಹೆಸರು.

ಕಡಲೆಕಾಯಿ ಗಿಡ ಈ ದಾರಿಯಲ್ಲಿ ಅಷ್ಟು ದೂರ ಬಂದಿಲ್ಲ. ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳೊಳಗೆ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಗಳು ಗಿಡದ ಕೋಶದಲ್ಲೇ, ಗಿಡವೇ ಹೊದಿಸಿದ ಪೊರೆಯಲ್ಲಿ ಬದುಕಿ ಸಾರಜನಕ ಒದಗಿಸುತ್ತವೆ. ನೋಡಲು ಕೋಶಾಂಗದಂತೆಯೇ. ಆದರೆ ಕ್ಲೋರೋಪ್ಲಾಸ್ಟಿನಂತೆ ಬೀಜದ ಮೂಲಕ ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಪ್ರತಿ ಬೆಳೆಗೂ ಮಣ್ಣಿನಿಂದ ಹೊಸದಾಗಿ ಬೇರು ಸೇರಬೇಕು. ಬಿತ್ತನೆಗೆ ಮುನ್ನ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ಬಿಸಿಲು ತಾಗದಂತೆ ನೆರಳಿನಲ್ಲಿ ಒಣಗಿಸಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕಾಗಿಯೇ.