ಧಾಟಿಯಾಗಿ ಉಳಿದ ಹಾಡುಗಳು

ತಾಜಸುಲ್ತಾನಪುರದಿಂದ ಕಮಲಾಪುರದವರೆಗೆ ಹಬ್ಬಿರುವ ಈ ಕಲಬುರಗಿ ಸೀಮೆಯಲ್ಲಿ ಭಜನಾಮೇಳದವರು ಕೈಯಲ್ಲಿ ಹಿಡಿಯುವ ಪದಗಳ ಪುಸ್ತಕವನ್ನು ತೆರೆದು ನೋಡಿದರೆ, ಎಷ್ಟೋ ಪದಗಳ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಅದರ ಮುಂದೆ ಯಾವುದೋ ಚಲಚ್ಚಿತ್ರಗೀತದ ಹೆಸರನ್ನು ಕಾಣಿಸಿರುವುದು ಕಣ್ಣಿಗೆ ಬೀಳುತ್ತದೆ. ದೇವರ ಸ್ತುತಿಗೆ ಪ್ರಣಯಗೀತದ ಸ್ವರಗಳನ್ನು ಎರವಲು ತಂದರಲ್ಲಾ ಎಂದು ಪಂಡಿತರು ಮೂಗು ಮುರಿಯಬಹುದು. ನನಗಾದರೋ ಕನ್ನಡದ ಜನಪ್ರಿಯ ಗೀತದ ಚರಿತ್ರೆಗೆ ಇದಕ್ಕಿಂತ ಪ್ರಾಮಾಣಿಕವಾದ ಆಕರ ಮತ್ತೊಂದು ತೋರದು. ಮಾರಾಟದ ಲೆಕ್ಕ ಹಾಡನ್ನು ಕೊಂಡವರೆಷ್ಟು ಮಂದಿ ಎಂಬುದನ್ನು ತಿಳಿಸೀತು. ಅದನ್ನು ತಮ್ಮದಾಗಿಸಿಕೊಂಡವರು ಯಾರೆಂಬುದನ್ನು ತಿಳಿಸುವುದು ಧಾಟಿಯೇ.

ಈ ನೆಲಕ್ಕೆ ಹಾಡು ಯಂತ್ರದ ಮೂಲಕ ಬಂದುದಲ್ಲ. ಕಡಕೋಳದ ಮಡಿವಾಳಪ್ಪನವರೂ ಅವರ ಪರಂಪರೆಗೆ ಸೇರಿದ ಚನ್ನೂರ ಜಲಾಲಸಾಹೇಬರೇ ಮೊದಲಾದವರೂ ರಚಿಸಿದ ತತ್ವಪದಗಳು ಏಕತಾರಿ ದಮ್ಮಡಿಗಳೊಡನೆಯೂ, ಮೊಹರಮ್ಮಿನ ರಿವಾಯತ ಪದಗಳು ಹೆಜ್ಜೆಯ ಕುಣಿತದೊಡನೆಯೂ ಊರೂರು ಸಂಚರಿಸಿದ್ದುವು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಗೆ ಬಂದಾಗ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ಆಡಳಿತದ ಭಾಷೆ ಉರ್ದುವಾಗಿತ್ತು. ಧಾರವಾಡದ ಬಾನುಲಿ ಕೇಂದ್ರ 1950ರಲ್ಲಿಯೂ, ಏಕೀಕರಣವಾಗಿ ಹತ್ತು ವರ್ಷಗಳ ತರುವಾಯ, 1966ರಲ್ಲಿ, ಕಲಬುರಗಿಯ ಆಕಾಶವಾಣಿಯೂ ಹುಟ್ಟಿದುವು. ಅಷ್ಟರೊಳಗೆ ರೇಡಿಯೋ ಸಿಲೋನಿನ ದಯೆಯಿಂದ ಈ ಕಡೆಯ ಕಿವಿ ರಫಿ, ಮುಕೇಶರ ಹಿಂದೀ ಗೀತಗಳಿಗೆ ಚೆನ್ನಾಗಿ ಪಳಗಿತ್ತೆಂದರೆ ತಪ್ಪಾಗಲಾರದು.

ಕನ್ನಡದ ಚಿತ್ರಗೀತ ಸ್ವಂತ ಮುಖವನ್ನು ಪಡೆದುದು ಕಾವ್ಯದ ಸಹವಾಸದಿಂದ. ಪಿ. ಕಾಳಿಂಗರಾಯರು ನವೋದಯದ ಕವಿತೆಗಳನ್ನು ವೇದಿಕೆಗೆ ತಂದು ಆ ದಾರಿಯನ್ನು ಮೊದಲೇ ಹಸನುಮಾಡಿದ್ದರು. 1967ರ ‘ಬೆಳ್ಳಿಮೋಡ’ದಲ್ಲಿ ವಿಜಯಭಾಸ್ಕರರು ಬೇಂದ್ರೆಯವರ ‘ಬೆಳಗು’ ಕವಿತೆಗೆ ಸ್ವರವಿತ್ತು ಎಸ್. ಜಾನಕಿಯವರಿಂದ ಹಾಡಿಸಿದಾಗ, ಪಾಠಶಾಲೆಯನ್ನು ಕಾಣದವರಿಗೂ ಬೇಂದ್ರೆ ಬಾಯಿಪಾಠವಾದರು. ಆದರೆ ಧಾಟಿಯ ದೃಷ್ಟಿಯಿಂದ ನೋಡತಕ್ಕವರಿಗೆ ಯುಗಪ್ರವರ್ತಕವಾದ ವರ್ಷ 1974. ಅದುವರೆಗೆ ರಾಜಕುಮಾರರಿಗೆ ಕಂಠವಾಗಿದ್ದವರು ಪಿ.ಬಿ. ಶ್ರೀನಿವಾಸರು; ಅವರದು ರೇಷ್ಮೆಯಂಥ ದನಿ, ಕೇಳುವವನು ಮೈಮರೆತು ಕೇಳಬೇಕೇ ಹೊರತು ಜತೆಗೂಡಿ ಹಾಡುವುದು ಸುಲಭವಲ್ಲ. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ನಾಯಕನು ಎಮ್ಮೆಯ ಮೇಲೆ ಕುಳಿತು ಹಾಡುವ ಗೀತವನ್ನು, ಜಿ.ಕೆ. ವೆಂಕಟೇಶರ ಸಂಗೀತದಲ್ಲಿ, ರಾಜಕುಮಾರರು ತಾವೇ ಹಾಡಿದರು. ಕಂಪನಿ ನಾಟಕಗಳಲ್ಲಿ ಪಳಗಿದ, ದೂರದ ಸಾಲಿನವನಿಗೂ ಅಕ್ಷರ ಅಕ್ಷರವಾಗಿ ಕೇಳಿಸಬೇಕೆಂಬ ಹಟವುಳ್ಳ ಆ ಕಂಠ ಹೊಲದಲ್ಲಿ ಕೂಗಿ ಹಾಡುವವನ ಕಂಠಕ್ಕೆ ತೀರ ಸಮೀಪದ್ದಾಗಿತ್ತು. ಆದುದರಿಂದಲೇ ಅವರ ಗೀತಗಳು ಧ್ವನಿವರ್ಧಕದಿಂದ ಇಳಿದು ಭಜನೆಯ ಪುಸ್ತಕವನ್ನು ಅಷ್ಟು ಬೇಗನೆ ಸೇರಿದುವು.

ಇದರ ವಿಲೋಮಗತಿಯೊಂದನ್ನು ಧ್ವನಿಸುರುಳಿ ಸಾಧಿಸಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳನ್ನು ‘ನಿತ್ಯೋತ್ಸವ’ವೆಂಬ ಸುರುಳಿಯಾಗಿ ಹೊರತಂದಮೇಲೆ ಭಾವಗೀತಕ್ಕೆ ಚಿತ್ರರಂಗದ ಹಂಗಿಲ್ಲದ ಬದುಕು ದೊರೆಯಿತು. ಬಳಿಕ ಸಿ. ಅಶ್ವತ್ಥರು ಶಿಶುನಾಳ ಶರೀಫರನ್ನು ಎತ್ತಿಕೊಂಡರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರವೂ ಬಂದಿತು. ಶತಮಾನದಾಚೆಯಿಂದ ಭಜನಾಮೇಳಗಳ ಸೊತ್ತಾಗಿದ್ದ ಪದಗಳು ಪಟ್ಟಣದ ವಾದ್ಯಮೇಳವನ್ನು ಹೊಕ್ಕು ಹೊಸ ಸ್ವರದೊಡನೆ ಹಳ್ಳಿಗೆ ಮರಳಿದಾಗ, ಹಳೆಯ ಮಟ್ಟನ್ನು ಬಿಟ್ಟು ಅಶ್ವತ್ಥರ ಧಾಟಿಯನ್ನೇ ಹಿಡಿದ ಮೇಳಗಳುಂಟು. ಇದು ಲಾಭವೋ ನಷ್ಟವೋ ಎಂದು ಕೇಳಿದರೆ, ಎರಡೂ ಎನ್ನದೆ ಗತಿಯಿಲ್ಲ: ಶರೀಫರ ಪದಗಳು ನಾಡಿಗೆಲ್ಲ ತಿಳಿದುವು, ಊರಿಗೊಂದರಂತಿದ್ದ ಮಟ್ಟುಗಳು ಮಾತ್ರ ಮಂಕಾದುವು.

1987ರ ‘ಪ್ರೇಮಲೋಕ’ವನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಸಾಹಿತ್ಯ ಸಂಗೀತಗಳೆರಡನ್ನೂ ಒಬ್ಬರೇ ನಿರ್ವಹಿಸಿದ ಹಂಸಲೇಖರು ಕಾಲೇಜಿನ ಹರಟೆಯನ್ನೇ ಪದ್ಯವಾಗಿಸಿದರು. ಮೈಕೆಲ್ ಜಾಕ್ಸನರ ‘ಥ್ರಿಲ್ಲರ್’ 1982ರಲ್ಲಿ ಹೊರಬಂದು ಲೋಕವನ್ನೆಲ್ಲ ಕುಣಿಸಿದ ಮೇಲೆ ಬಂದ ವಿದ್ಯುತ್ ತಾಳವಾದ್ಯಗಳ ಯುಗಕ್ಕೆ ಕನ್ನಡವೂ ಕಾಲಿಟ್ಟಿತು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯಲ್ಲಿ ಮನೋಮೂರ್ತಿಯವರ ಸಂಗೀತಕ್ಕೆ ಜಯಂತ ಕಾಯ್ಕಿಣಿಯವರು ಹೊಂದಿಸಿದ, ಸೋನು ನಿಗಮ್ ಹಾಡಿದ ಗೀತ ಸೊಗಸಿನಲ್ಲಿ ಯಾವುದಕ್ಕೂ ಕಡಮೆಯಲ್ಲ, ಆದರೂ ಅದು ಕಿವಿಗೆ ತಂತಿ ಸಿಕ್ಕಿಸಿಕೊಂಡ ಏಕಾಂಗಿಯ ಹಾಡು, ಮೇಳಕ್ಕೆ ಒಗ್ಗುವಂಥದಲ್ಲ. 2008ರಲ್ಲಿ ರಘು ದೀಕ್ಷಿತರು ಗಿಟಾರಿನೊಡನೆ ಮತ್ತೆ ಶರೀಫರ ಬಳಿಗೇ ಹೋದರು.

ಈಚೆಗೆ ಮದುವೆಯ ಮೆರವಣಿಗೆಗಳಲ್ಲಿ ಡಿಜೆಯ ಪೆಟ್ಟಿಗೆಗಳಿಂದ ಸಿಡಿಯುತ್ತಿರುವುದು ಮೊಬೈಲಿನಲ್ಲಿ ಹುಟ್ಟಿ ಯೂಟ್ಯೂಬಿನಲ್ಲಿ ಬೆಳೆದ ಉತ್ತರ ಕರ್ನಾಟಕದ ‘ಜಾನಪದ’ ಗೀತ. ಇದರ ಸಾಹಿತ್ಯ ಅನೇಕ ವೇಳೆ ಒರಟು, ಕೆಲವೊಮ್ಮೆ ಅಸಹ್ಯ. ತಾಳವೋ ಎಲ್ಲದಕ್ಕೂ ಒಂದೇ. ಹಾಗಿದ್ದರೂ, ಮೈಸೂರಿನ ಮಾತನ್ನೇ ಮಾತೆಂದು ಬಗೆದ ಚಿತ್ರಗೀತ ಹಾಸ್ಯದ ಪಾತ್ರಗಳಿಗೆ ಮೀಸಲಿಟ್ಟಿದ್ದ ಈ ಸೀಮೆಯ ನುಡಿಯಲ್ಲಿ ಪ್ರೇಮವನ್ನೂ ವಿರಹವನ್ನೂ ನಗೆಗೀಡಾಗದಂತೆ ಹಾಡಬಹುದೆಂದು ತೋರಿಸಿದವರು ಈ ಅನಾಮಧೇಯ ಹುಡುಗರೇ ಆಗಿದ್ದಾರೆ.